‘ದೇವರಿದ್ದಾನೆ ಬಿಡು’ ಅಂದು ಎದ್ದು ಹೋಗಬೇಡಿ

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಈ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇವೋ ಲೆಕ್ಕವಿಲ್ಲ. ಕೋಲಾರ, ಮಾಲೂರಿನ ಕಡೆ ‘ದೇವರಿದ್ದಾನೆ ಬಿಡಪ್ಪಾ’ ಅನ್ನುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಗಡಿ ಊರುಗಳಲ್ಲಿ ಅದೇ ಮಾತು ತೆಲುಗಿನಲ್ಲಿ, ‘ದೇವುಡುನ್ನಾಡ್ಲೇ’. ಬೋರ್‌ವೆಲ್ ಬತ್ತಿದವನಿಗೆ ಅದೇ ಮಾತು. ಟೊಮೆಟೊ ರೇಟು ಬಿದ್ದು ಕೂತವನಿಗೆ ಅದೇ ಮಾತು. ಮಗಳ ಮದುವೆ ಮುರಿದ ತಾಯಿಗೆ, ಪಿಯುಸಿ ಫೇಲಾದ ಹುಡುಗನಿಗೆ, ಎಲ್ಲರಿಗೂ ಅದೇ ಮಾತು.

ಮಾತಿನಲ್ಲಿ ತಪ್ಪಿಲ್ಲ. ಹೇಳಿದ ಮೇಲೆ ನಾವು ಏನು ಮಾಡುತ್ತೇವೆ ನೋಡಿ. ಪಂಚೆ ಕೊಡವಿಕೊಂಡು ಎದ್ದು ಹೋಗುತ್ತೇವೆ.

ನನ್ನ ಜಗಳ ಆ ಎದ್ದು ಹೋಗುವುದರ ಮೇಲೆ.

ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಮುಳಬಾಗಿಲು ತಾಲ್ಲೂಕು ಅಂತ ಮಾತ್ರ ಇಟ್ಟುಕೊಳ್ಳಿ. ಎರಡು ಎಕರೆ ಜಮೀನು. ಮೂರನೇ ಬೋರ್‌ವೆಲ್‌ನಲ್ಲಿ ನೀರು ಸಿಕ್ಕಿತು, ಆ ನೀರು ನಂಬಿ ಟೊಮೆಟೊ ಹಾಕಿದರು. ಕಡ್ಡಿ, ದಾರ, ಔಷಧಿ, ಕೂಲಿ ಎಲ್ಲ ಸಾಲದಲ್ಲೇ. ಕಾಯಿ ಕೀಳುವ ಹೊತ್ತಿಗೆ ಮಂಡಿಯಲ್ಲಿ ರೇಟು ಎಷ್ಟು ಬಿದ್ದಿತ್ತೆಂದರೆ, ಕಿತ್ತು ಸಾಗಿಸಿದರೆ ಗಾಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ತೋಟದಲ್ಲೇ ಬಿಟ್ಟುಬಿಟ್ಟರು.

ಮಾವ ದೈವಭಕ್ತರು. ಶನಿವಾರ ಬಂದರೆ ಮುಳಬಾಗಿಲಿನ ಆಂಜನೇಯಸ್ವಾಮಿ ದರ್ಶನ ತಪ್ಪಿಸಿದವರಲ್ಲ. ಆ ಎರಡು ತಿಂಗಳು ಮಾತ್ರ ದಿನ ಬಿಟ್ಟು ದಿನ ಹೋಗತೊಡಗಿದರು. ಊರಿನವರು ಭಕ್ತಿ ಜಾಸ್ತಿಯಾಯಿತು ಅಂದುಕೊಂಡರು. ಮನೆಯವರಾದ ನಾವೂ ಹಾಗೇ ಅಂದುಕೊಂಡೆವು. ಊಟ ಕಡಿಮೆಯಾಗಿತ್ತು. ರಾತ್ರಿಯೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು. ಹಾಲು ಕರೆಯುವಾಗ ಹಸುವಿನ ಜೊತೆ ಮಾತಾಡುತ್ತಿದ್ದವರು ಅದನ್ನೂ ಬಿಟ್ಟಿದ್ದರು. ಕೇಳಿದರೆ ‘ಏನಿಲ್ಲ’ ಅನ್ನುತ್ತಿದ್ದರು. ಒಂದು ಸಂಜೆ ಅರಳಿಕಟ್ಟೆಯ ಮೇಲೆ ಬಾಯಿಬಿಟ್ಟು, ‘ಸಾಕಾಗೋಯ್ತಪ್ಪಾ ಈ ಬದುಕು’ ಅಂದರಂತೆ. ಅಲ್ಲಿ ಐದಾರು ಜನ ಇದ್ದರು. ಎಲ್ಲರೂ ಹೇಳಿದ್ದು ಒಂದೇ, ‘ದೇವರಿದ್ದಾನೆ ಬಿಡಣ್ಣಾ’. ಡೈರಿಗೆ ಹಾಲು ಹಾಕುವ ಹೊತ್ತಾಗಿತ್ತು. ಎದ್ದು ಹೋದರು.

ಮಾವನನ್ನು ಹಿಡಿದು ನಿಲ್ಲಿಸಿದ್ದು ಗುಡಿಯ ಹತ್ತಿರ ಹೂವು ಮಾರುವ ಒಬ್ಬರು ಅಜ್ಜಿ. ದಿನ ಬಿಟ್ಟು ದಿನ ಬರುವ ಮುಖವನ್ನು ನೋಡಿ ನೋಡಿ, ಒಂದು ದಿನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರಂತೆ: ‘ಯಾಕಪ್ಪಾ ಮಗಾ, ಸತ್ತೋಗ್ಬೇಕು ಅಂತ ಏನಾದ್ರೂ ಅನ್ನಿಸ್ತಾ ಇದ್ಯಾ?’

ಮಾವ ಅಲ್ಲೇ ಅತ್ತುಬಿಟ್ಟರು. ಅಜ್ಜಿ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ಮಾವನ ಫೋನಿನಿಂದಲೇ ನಮ್ಮ ಅತ್ತೆಗೆ ಫೋನ್ ಮಾಡಿಸಿದರು. ಅತ್ತೆ, ನಾನು ಹೋಗುವವರೆಗೆ ಕೂತ ಜಾಗ ಬಿಟ್ಟು ಏಳಲಿಲ್ಲ. ಆಮೇಲೆ ಆಸ್ಪತ್ರೆ, ಮಾತ್ರೆ, ಸಾಲದವರ ಜೊತೆ ಮಾತುಕತೆ ಎಲ್ಲ ನಡೆಯಿತು. ಇವತ್ತು ಮಾವ ಇದ್ದಾರೆ. ಈಗ ಹುರುಳಿಕಾಯಿ ಹಾಕಿದ್ದಾರೆ. ಶನಿವಾರ ಗುಡಿಗೂ ಹೋಗುತ್ತಾರೆ.

ಯಾರು ಕಾಪಾಡಿದರು ಮಾವಾ ಅಂದರೆ ‘ಆಂಜನೇಯಸ್ವಾಮಿ’ ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ. ಸ್ವಾಮಿ ಆ ಅಜ್ಜಿಯ ಕೈಯಲ್ಲಿ ಕೆಲಸ ಮಾಡಿಸಿದ ಅಂತ ಅವರು ನಂಬಿದರೆ ನಂಬಲಿ. ನಾನು ಕೇಳುವುದು ಬೇರೆ. ಅರಳಿಕಟ್ಟೆಯ ಮೇಲಿದ್ದ ಆರು ಜನರ ಕೈಯಲ್ಲಿ ಆ ಕೆಲಸ ಯಾಕೆ ಆಗಲಿಲ್ಲ?

ಆಂಜನೇಯ ಏನು ಮಾಡಿದ?

ಕಷ್ಟ ಬಂದಾಗ ನಮ್ಮಲ್ಲಿ ಸುಂದರಕಾಂಡ ಓದಿಸುತ್ತಾರೆ. ಒಳ್ಳೆಯದು. ಓದಿಸಿದವರು ಆ ಕಥೆಯನ್ನು ಒಂದು ಸಲ ಕಿವಿಗೊಟ್ಟು ಕೇಳಿಸಿಕೊಳ್ಳಬೇಕು.

ಅಶೋಕವನದಲ್ಲಿ ಸೀತಮ್ಮ ಒಬ್ಬಳೇ. ಸುತ್ತ ಹೆದರಿಸುವ ರಾಕ್ಷಸಿಯರು. ಎರಡು ತಿಂಗಳ ಗಡುವು ಕೊಟ್ಟು ಹೋಗಿದ್ದಾನೆ ರಾವಣ. ನಮ್ಮ ಸಾಲಗಾರನಿಗೆ ಕೊಡುವ ಗಡುವಿನ ಹಾಗೆ. ವಾಲ್ಮೀಕಿ ರಾಮಾಯಣದಲ್ಲಿ ಸೀತೆ ಇನ್ನು ಬದುಕುವುದು ಬೇಡ ಅನ್ನುವ ತೀರ್ಮಾನಕ್ಕೇ ಬಂದುಬಿಡುತ್ತಾಳೆ. ಸಾಕ್ಷಾತ್ ಸೀತೆಗೂ ಆ ಯೋಚನೆ ಬಂದಿತ್ತು. ಅವಳ ಭಕ್ತಿ ಕಡಿಮೆಯಾಗಿತ್ತು ಅಂತ ಯಾರಾದರೂ ಹೇಳಲಿ ನೋಡೋಣ.

ಮರದ ಮೇಲಿದ್ದ ಹನುಮಂತ ಏನು ಮಾಡಿದ? ‘ರಾಮನಿದ್ದಾನೆ ಬಿಡಮ್ಮಾ’ ಅಂದು ಹಾರಿ ಹೋಗಲಿಲ್ಲ. ಮೊದಲು, ಯಾವ ಭಾಷೆಯಲ್ಲಿ ಮಾತಾಡಿದರೆ ಈಕೆ ಹೆದರುವುದಿಲ್ಲ ಅಂತ ಯೋಚಿಸಿದ. ಮೆಲ್ಲಗೆ ರಾಮನ ಕಥೆ ಶುರು ಮಾಡಿದ. ಕೆಳಗಿಳಿದು ಬಂದು ಕೈಮುಗಿದು ನಿಂತ. ಅವಳು ನಂಬದೆ ಅನುಮಾನ ಪಟ್ಟಾಗ ಬೇಸರ ಮಾಡಿಕೊಳ್ಳಲಿಲ್ಲ, ಉಂಗುರ ತೋರಿಸಿದ. ಅವಳ ಮಾತನ್ನು ಪೂರ್ತಿ ಕೇಳಿದ. ಅವಳು ಕೊಟ್ಟ ಚೂಡಾಮಣಿ ತೆಗೆದುಕೊಂಡು ಸಮುದ್ರ ದಾಟಿ ವಾಪಸು ಹೋಗಿ, ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸಿದ. ಮತ್ತೆ ಬರುವಾಗ ದಂಡನ್ನೇ ಕರೆದುಕೊಂಡು ಬಂದ.

ಹುಡುಕುವುದು, ಹತ್ತಿರ ಹೋಗುವುದು, ಹೆದರದ ಹಾಗೆ ಮಾತಾಡಿಸುವುದು, ಕೇಳುವುದು, ಸಹಾಯ ಕರೆತರುವುದು. ಈ ಐದು ಕೆಲಸ ಮಾಡಿದ್ದಕ್ಕೇ ಅವನು ನಮಗೆ ದೇವರು.

ಅದೇ ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋಗಿ. ರಾಮ ಬಿಟ್ಟ ಮೇಲೆ ತುಂಬು ಗರ್ಭಿಣಿ ಸೀತೆ ವಾಲ್ಮೀಕಿಯ ಆಶ್ರಮದಲ್ಲಿ ಉಳಿದದ್ದು, ಲವಕುಶರು ಹುಟ್ಟಿದ್ದು ಅಲ್ಲೇ ಅನ್ನುತ್ತದೆ ಸ್ಥಳಪುರಾಣ. ಬೆಟ್ಟದ ಮೇಲೆ ಸೀತೆಯ ಗುಡಿ ಇದೆ. ಮಕ್ಕಳಾಗಲಿ ಅಂತ ಹೆಣ್ಣುಮಕ್ಕಳು ಹತ್ತಿ ಹೋಗಿ ಹರಕೆ ಹೊರುತ್ತಾರೆ. ಆ ಕಥೆಯಲ್ಲಿ ಋಷಿ ವಾಲ್ಮೀಕಿ ಮಾಡಿದ್ದೇನು? ಆಶೀರ್ವಾದ ಮಾಡಿ ಕಾಡಿಗೆ ಕಳಿಸಲಿಲ್ಲ. ಇರಲು ಜಾಗ ಕೊಟ್ಟ, ಬಾಣಂತನ ಮಾಡಿಸಿದ, ಹುಟ್ಟಿದ ಮಕ್ಕಳಿಗೆ ವಿದ್ಯೆ ಹೇಳಿಕೊಟ್ಟ. ನಾವು ಪೂಜಿಸುವ ದೇವಿಗೇ ಕಷ್ಟದಲ್ಲಿ ಒಂದು ಮನೆ, ಒಬ್ಬ ಮನುಷ್ಯ ಬೇಕಾದರು. ನಮ್ಮ ಪಕ್ಕದ ಮನೆಯ ಹೆಣ್ಣುಮಗಳಿಗೆ ಬೇಡವೇ?

ಗುಡಿಗೆ ಹೋದರೆ ಏನು ಸಿಗುತ್ತೆ ಅನ್ನುವವರಿಗೆ

ಇಷ್ಟು ಓದಿ ಕೆಲವರು ಖುಷಿಯಾಗಿರಬಹುದು. ಕಾಲೇಜು ಓದಿದ ನಮ್ಮ ಗೆಳೆಯರಲ್ಲೇ ಇದ್ದಾರೆ. ‘ಗುಡಿ ಗುಂಡಾರ ಎಲ್ಲ ವೇಸ್ಟು, ಡಾಕ್ಟರ್ ಹತ್ರ ಹೋಗಿ ಅಂತ ನೇರವಾಗಿ ಬರಿ’ ಅನ್ನುತ್ತಾರೆ. ಅವರ ಜೊತೆಗೂ ನನಗೆ ಜಗಳವಿದೆ.

ಹಳ್ಳಿಯ ಒಬ್ಬ ಸೊಸೆಯನ್ನು ನೆನೆಸಿಕೊಳ್ಳಿ. ಮನಸ್ಸು ಸರಿಯಿಲ್ಲ ಅಂತ ಅವಳು ಒಬ್ಬಳೇ ಆಸ್ಪತ್ರೆಗೆ ಹೊರಟರೆ ಮನೆಯಲ್ಲಿ ನೂರು ಪ್ರಶ್ನೆ. ಯಾಕೆ, ಏನಾಗಿದೆ, ಯಾರ ಜೊತೆ, ದುಡ್ಡು ಎಲ್ಲಿಂದ? ಅದೇ ಶುಕ್ರವಾರ ಕೋಲಾರಮ್ಮನ ಗುಡಿಗೆ ಅಂದರೆ ಯಾರೂ ತಡೆಯುವುದಿಲ್ಲ. ಅಂತರಗಂಗೆಯ ಮೆಟ್ಟಿಲು ಹತ್ತುತ್ತೇನೆ ಅಂದರೆ, ಚಿಕ್ಕತಿರುಪತಿಗೆ ಮುಡಿ ಕೊಡಬೇಕು ಅಂದರೆ, ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಹೋಗಿ ಬರುತ್ತೇನೆ ಅಂದರೆ ಬಸ್ ಚಾರ್ಜು ಕೊಟ್ಟು ಕಳಿಸುತ್ತಾರೆ. ಯಾರಿಗೂ ಕಾರಣ ಹೇಳದೆ ಅವಳು ಕೂತು ಅಳಬಹುದಾದ ಜಾಗ ಊರಿನಲ್ಲಿ ಅದೊಂದೇ. ಆ ಒಂದು ಬಾಗಿಲನ್ನೂ ಗೇಲಿ ಮಾಡಿ ಮುಚ್ಚಬೇಡಿ.

ಗುಡಿಯಿಂದ ಮನಸ್ಸಿಗೆ ಏನೂ ಆಗುವುದಿಲ್ಲ ಅನ್ನುವುದೂ ಸುಳ್ಳು. ಇದನ್ನು ಅಳೆದು ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೇ. ತಮಿಳುನಾಡಿನ ಒಂದು ಹಳ್ಳಿಯ ಗುಡಿಗೆ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಮನೆಯವರು ಕರೆತಂದು ಕೆಲವು ವಾರ ಇರಿಸಿಕೊಳ್ಳುತ್ತಿದ್ದರು. ಅಂಥ 31 ಜನರನ್ನು ವೈದ್ಯರು ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಪರೀಕ್ಷಿಸಿದರು. ಕಾಯಿಲೆಯ ಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದವು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು.

ಆ ಗುಡಿಯಲ್ಲಿ ಏನು ಪವಾಡ ನಡೆಯಿತು? ದೆವ್ವ ಬಿಡಿಸುವುದು, ಹೊಡೆಯುವುದು ಏನೂ ಇರಲಿಲ್ಲ. ಬೆಳಿಗ್ಗೆ ಪೂಜೆಯಲ್ಲಿ ಕೂರುವುದು, ಗುಡಿಯಲ್ಲಿ ಕೈಲಾದ ಚಿಕ್ಕ ಪುಟ್ಟ ಕೆಲಸ ಮಾಡುವುದು ಅಷ್ಟೇ. ಜೊತೆಗೆ ಮನೆಯವರೊಬ್ಬರು ಕಡ್ಡಾಯವಾಗಿ ಉಳಿದಿರುತ್ತಿದ್ದರು. ಹೆದರಿಸದೆ, ಹೀಯಾಳಿಸದೆ ನೋಡಿಕೊಂಡ ವಾತಾವರಣವೇ ಕೆಲಸ ಮಾಡಿದೆ ಅಂದರು ವೈದ್ಯರು.

ಅದಕ್ಕೆ ಒಂದು ವರ್ಷ ಮುಂಚೆ, ಅದೇ ತಮಿಳುನಾಡಿನಲ್ಲಿ, ನಂಬಿಕೆಯ ಹೆಸರಿನಲ್ಲೇ ಇನ್ನೊಂದು ನಡೆದಿತ್ತು. ರಾಮನಾಥಪುರಂ ಜಿಲ್ಲೆಯ ಎರವಾಡಿಯಲ್ಲಿ ದರ್ಗಾಕ್ಕೆ ಬರುವ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳಲು ಖಾಸಗಿಯವರು ಶೆಡ್ಡು ಹಾಕಿಕೊಂಡು ದುಡ್ಡು ಮಾಡುತ್ತಿದ್ದರು. ಮನೆಯವರು ಬಿಟ್ಟು ಹೋಗುತ್ತಿದ್ದರು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿನ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿ ಬಿಡಿಸಿಕೊಳ್ಳಲಾಗದೆ 28 ಜನ ಸುಟ್ಟು ಹೋದರು.

ಎರಡು ಕಡೆಯೂ ದೇವರನ್ನು ನಂಬಿಯೇ ಬಂದವರು. ಒಂದು ಕಡೆ ಮನೆಯವರು ಪಕ್ಕದಲ್ಲಿ ಉಳಿದರು. ಇನ್ನೊಂದು ಕಡೆ ಬಿಟ್ಟು ಹೋದರು. ‘ದೇವರಿದ್ದಾನೆ’ ಅಂದು ಉಳಿಯುವುದಕ್ಕೂ, ‘ದೇವರಿದ್ದಾನೆ’ ಅಂದು ಎದ್ದು ಹೋಗುವುದಕ್ಕೂ ಇರುವ ಅಂತರ ಇದೇ.

ನಂಬಿಕೆ ಕಡಿಮೆ ಅನ್ನುವವರಿಗೆ

ಇನ್ನೊಂದು ಜಾತಿಯ ಜನ ಇದ್ದಾರೆ. ಭಜನೆ ಮನೆಯಲ್ಲೂ ಇದ್ದಾರೆ, ಪ್ರಾರ್ಥನೆ ಮಂದಿರದಲ್ಲೂ ಇದ್ದಾರೆ, ಮಸೀದಿಯ ಮುಂದೆಯೂ ಇದ್ದಾರೆ. ಮನಸ್ಸು ಕುಸಿದವನು ಬಂದರೆ ‘ನಿನಗೆ ನಂಬಿಕೆ ಸಾಲದು, ಅದಕ್ಕೇ ಹೀಗೆ’ ಅನ್ನುತ್ತಾರೆ. ‘ಪೂರ್ವಜನ್ಮದ ಕರ್ಮ’ ಅನ್ನುತ್ತಾರೆ. ಬಿದ್ದವನ ಮೇಲೆ ಇನ್ನೊಂದು ಕಲ್ಲು ಹಾಕಿದ ಹಾಗೆ ಇದು. ಮೊದಲು ಸಾಲ ಇತ್ತು, ಈಗ ಸಾಲದ ಜೊತೆಗೆ ಪಾಪವೂ ಸೇರಿತು.

ಅವರಿಗೆ ನಮ್ಮ ಕೋಲಾರಮ್ಮನ ಗುಡಿಯಿಂದಲೇ ಉತ್ತರ ಇದೆ. ಅಲ್ಲಿ ಚೇಳಮ್ಮ ಇದ್ದಾಳೆ. ಚೇಳಮ್ಮನಿಗೆ ಕೈಮುಗಿದವರಿಗೆ ಚೇಳು ಕಡಿಯುವುದಿಲ್ಲ ಅನ್ನುವುದು ಹಿಂದಿನಿಂದ ಬಂದ ನಂಬಿಕೆ. ಹಾಗಿದ್ದೂ ತೋಟದಲ್ಲಿ ಚೇಳು ಕಡಿದರೆ ನಾವು ಏನು ಮಾಡುತ್ತೇವೆ? ಬೈಕ್ ಹತ್ತಿಸಿಕೊಂಡು ಆಸ್ಪತ್ರೆಗೆ ಓಡುತ್ತೇವೆ. ಇಂಜೆಕ್ಷನ್ ಹಾಕಿಸಿ, ವಾಸಿಯಾದ ಮೇಲೆ ಅಮ್ಮನಿಗೆ ಹಣ್ಣುಕಾಯಿ ಮಾಡಿಸುತ್ತೇವೆ. ‘ನಿನಗೆ ಚೇಳಮ್ಮನ ಮೇಲೆ ನಂಬಿಕೆ ಇಲ್ಲ’ ಅಂತ ಯಾರೂ ಬಯ್ಯುವುದಿಲ್ಲ. ಶುಗರ್ ಇದ್ದವರು ಅರ್ಚನೆ ಮಾಡಿಸಿದ ದಿನವೂ ಮಾತ್ರೆ ನುಂಗುತ್ತಾರೆ. ಮನಸ್ಸಿನ ಕಾಯಿಲೆ ಒಂದಕ್ಕೆ ಮಾತ್ರ ಯಾಕಪ್ಪಾ ಬೇರೆ ಕಾನೂನು?

ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸೆ ಇಲ್ಲದಿರುವುದು, ನಾನು ಇದ್ದೂ ದಂಡ ಅನ್ನಿಸುವುದು ಸೋಮಾರಿತನವಲ್ಲ, ಪಾಪವೂ ಅಲ್ಲ. ಖಿನ್ನತೆ ಅನ್ನುವ ಕಾಯಿಲೆಯ ಗುರುತುಗಳು ಅವು. ಔಷಧಿ ಇದೆ, ಮಾತಿನ ಚಿಕಿತ್ಸೆಯೂ ಇದೆ. ಪ್ರಾರ್ಥನೆ ಜೊತೆಗಿರಲಿ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ‘ದೇವರ ಪ್ರಸಾದ ಸಾಕು’ ಅಂತ ಯಾರಾದರೂ ಬಿಡಿಸಿದರೆ ಮಾತ್ರ ಅವರ ಮಾತು ಕೇಳಬೇಡಿ.

ಮುಳಬಾಗಿಲಿನ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ ಇದೆ. ಹದಿನೈದನೇ ಶತಮಾನದ ದೊಡ್ಡ ಸಂಸ್ಕೃತ ಪಂಡಿತರು, ವ್ಯಾಸತೀರ್ಥರ ಗುರುಗಳು. ಅಂಥವರು ಕನ್ನಡದಲ್ಲಿ ದೇವರನಾಮ ಕಟ್ಟಿದರು. ಅವರ ಹಿಂದೆ ಬಂದ ದಾಸರೆಲ್ಲ ಮನೆಮಾತಿನಲ್ಲೇ ದೇವರ ಮುಂದೆ ಅತ್ತರು, ಬೇಡಿದರು, ಜಗಳವಾಡಿದರು, ಬೈದರು. ನನ್ನ ಕೈಲಾಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದು ನಮ್ಮ ನಾಡಿನ ಭಕ್ತಿಯಲ್ಲಿ ಅವಮಾನವೇ ಅಲ್ಲ. ದೇವರ ಮುಂದೆ ಹೇಳಲು ನಾಚಿಕೆ ಇಲ್ಲದ ಮಾತನ್ನು ಅಣ್ಣತಮ್ಮಂದಿರ ಮುಂದೆ ಹೇಳಲು ಯಾಕೆ ನಾಚಿಕೆಯಾಗುತ್ತದೆ? ಕೇಳುವ ನಾವು ದೇವರಷ್ಟು ತಾಳ್ಮೆಯಿಂದ ಕೇಳುವುದಿಲ್ಲ, ಅದಕ್ಕೆ.

ಹೆದರಿಕೆ ಮಾರುವವರಿಗೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ನಮ್ಮೂರಿನ ಗುಡಿಯ ಬಡ ಅರ್ಚಕರನ್ನು ಹೇಳುತ್ತಿಲ್ಲ. ಅವರ ಮನೆಯ ಕಷ್ಟವೂ ನಮ್ಮ ಹಾಗೇ ಇದೆ. ನಾನು ಹೇಳುವುದು ಹೆದರಿದವನ ವಾಸನೆ ಹಿಡಿದು ಬರುವವರ ಬಗ್ಗೆ. ಟಿವಿಯಲ್ಲಿ ಕೂತು, ಫೋನಿನಲ್ಲಿ ವಿಡಿಯೋ ಬಿಟ್ಟು, ‘ನಿಮ್ಮ ಜಮೀನಿಗೆ ದೋಷ ಇದೆ, ನಿಮ್ಮ ಮನೆಗೆ ಯಾರೋ ಮಾಡಿಸಿದ್ದಾರೆ’ ಅನ್ನುವವರ ಬಗ್ಗೆ. ಒಂದು ಹೋಮಕ್ಕೆ ಇಷ್ಟು ಸಾವಿರ, ಒಂದು ತಾಯತಕ್ಕೆ ಇಷ್ಟು ಸಾವಿರ.

ಸಾಲದಲ್ಲಿ ಇರುವವನು ಆ ಸಾವಿರಗಳನ್ನು ಎಲ್ಲಿಂದ ತರುತ್ತಾನೆ? ಬಡ್ಡಿಗೆ ತರುತ್ತಾನೆ. ಸಾಲ ತೀರಲಿ ಅಂತ ಮಾಡಿಸುವ ಪೂಜೆಗೇ ಹೊಸ ಸಾಲ. ನಮ್ಮ ಮಾವನ ಲೆಕ್ಕದ ಪುಸ್ತಕ ತೆಗೆದಾಗ ಅಂಥ ಎರಡು ಬಾಬ್ತು ಸಿಕ್ಕವು. ಟೊಮೆಟೊ ಔಷಧಿಯ ಬಾಕಿಗಿಂತ ಅವು ದೊಡ್ಡವಾಗಿದ್ದವು.

ಕುರುಡುಮಲೆಯ ಗಣಪ ಹದಿಮೂರು ಅಡಿಗಿಂತ ಎತ್ತರದ ಏಕಶಿಲೆ. ಅವನ ಮುಂದೆ ನಿಂತು ಕೈಮುಗಿಯಲು ಎಷ್ಟು ದುಡ್ಡು ಬೇಕು? ಒಂದು ಹಿಡಿ ಗರಿಕೆ. ಅದೂ ಇಲ್ಲದಿದ್ದರೆ ಬರೀ ಎರಡು ಕೈ. ಪ್ರಾರ್ಥನೆಗೆ ಬಿಲ್ಲು ಹಾಕುವವನು ಯಾರೇ ಇರಲಿ, ಅವನು ದೇವರ ಕಡೆಯವನಲ್ಲ. ಹರಕೆ ಹೊರುವುದಾದರೆ ಸಾಲ ಮಾಡದೆ ತೀರಿಸಬಹುದಾದ ಹರಕೆ ಹೊರಿ.

ಕಷ್ಟಕ್ಕೊಂದು ವಿಳಾಸ ಇರುತ್ತದೆ

ಎಲ್ಲವನ್ನೂ ಗ್ರಹಚಾರಕ್ಕೆ ಹಾಕಿದರೆ ಇನ್ನೊಂದು ಮೋಸ ನಡೆಯುತ್ತದೆ. ಕಷ್ಟ ಯಾರಿಂದ ಬಂತು ಅನ್ನುವುದು ಮುಚ್ಚಿಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸಾವಿರ, ಸಾವಿರದೈನೂರು ಅಡಿ ಕೊರೆದು ನೀರು ತೆಗೆಯುತ್ತೇವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್‌ನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತು. ಅದೇ ಮಾರ್ಕೆಟ್ ದಾರಿಯಲ್ಲಿ ಟೊಮೆಟೊ ಸುರಿದು ಹೋದ ವರ್ಷಗಳನ್ನೂ ನಾವು ನೋಡಿದ್ದೇವೆ. ಒಂದು ವರ್ಷ ಶುಕ್ರದೆಸೆ, ಇನ್ನೊಂದು ವರ್ಷ ಶನಿಕಾಟ ಅಂತ ಇದನ್ನು ಓದಬೇಡಿ. ಇಲ್ಲಿ ಬೆಲೆಗೆ ನೆಲ ಕಟ್ಟುವವರು ಯಾರೂ ಇಲ್ಲ, ಅಷ್ಟೇ.

2025ರ ತೋತಾಪುರಿಯನ್ನು ನೆನಪಿಸಿಕೊಳ್ಳಿ. ಬೆಲೆ ನೆಲಕಚ್ಚಿತು. ಅದರ ಮೇಲೆ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಜೂನ್‌ನಲ್ಲಿ ಹೊರ ರಾಜ್ಯದ ತೋತಾಪುರಿ ಬರಬಾರದು ಅಂದಿತು. ಗಡಿಯಲ್ಲಿ ನಮ್ಮ ಗಾಡಿಗಳು ನಿಂತವು. ಶ್ರೀನಿವಾಸಪುರದ ಬೆಳೆಗಾರರು ಮನೆಯಲ್ಲಿ ಕೂತು ಹಣೆಬರಹ ಅನ್ನಲಿಲ್ಲ. ಬೀದಿಗೆ ಬಂದರು, ಪಟ್ಟಣ ಬಂದ್ ಮಾಡಿದರು. ಮುಖ್ಯಮಂತ್ರಿ ಆಂಧ್ರಕ್ಕೂ ದೆಹಲಿಗೂ ಪತ್ರ ಬರೆಯಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ದರ ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಆದ ನಷ್ಟಕ್ಕೆ ಅದು ಸಾಕಾಗಲಿಲ್ಲ, ನಿಜ. ಆದರೆ ಆ ಬೀದಿಯಲ್ಲಿ ನಿಂತ ಒಬ್ಬೊಬ್ಬರಿಗೂ ಒಂದು ವಿಷಯ ಗೊತ್ತಾಯಿತು. ಈ ಕಷ್ಟ ನನ್ನೊಬ್ಬನದಲ್ಲ, ಇದು ನನ್ನ ತಪ್ಪೂ ಅಲ್ಲ. ರಾತ್ರಿ ಒಬ್ಬನೇ ಜಗಲಿಯ ಮೇಲೆ ಕೂತವನಿಗೆ ಅದು ದೊಡ್ಡ ಸಮಾಧಾನ.

ಸಾಲದ ಕಾಟವೂ ಹಾಗೇ. ವಾರದ ಕಂತು ಕಟ್ಟಲಿಲ್ಲ ಅಂತ ಮನೆ ಬಾಗಿಲಿಗೆ ಬಂದು ಹೆಂಗಸರನ್ನು ಬಯ್ಯುವುದು, ಮನೆಯ ಸಾಮಾನು ಎತ್ತಿಕೊಂಡು ಹೋಗುವುದು ವಿಧಿಯಲ್ಲ, ಅಪರಾಧ. 2025ರಲ್ಲಿ ನಮ್ಮ ರಾಜ್ಯ ತಂದ ಕಿರುಸಾಲದ ಕಾನೂನಿನಲ್ಲಿ ಹೀಗೆ ಕಿರುಕುಳ ಕೊಡುವವರಿಗೆ ಆರು ತಿಂಗಳಿಂದ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ‘ದೇವರಿದ್ದಾನೆ ಬಿಡಕ್ಕಾ’ ಅನ್ನುವ ಬದಲು ‘ನಡಿ ಅಕ್ಕಾ, ಸ್ಟೇಷನ್‌ಗೆ ನಾನೂ ಬರ್ತೀನಿ’ ಅನ್ನುವ ಒಬ್ಬ ತಮ್ಮ ಬೇಕು ಅವಳಿಗೆ.

ಹಾಗಾದರೆ ನಾವು ಏನು ಮಾಡಬೇಕು?

ದೊಡ್ಡ ಕೆಲಸವೇನೂ ಇಲ್ಲ. ಹೂವಿನ ಅಜ್ಜಿ ಮಾಡಿದಷ್ಟು.

ಮೊದಲನೆಯದು, ಕೇಳಿ. ‘ಸಾಯಬೇಕು ಅನ್ನಿಸ್ತಾ ಇದ್ಯಾ?’ ಅಂತ ನೇರವಾಗಿ, ಮೆಲ್ಲಗೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಹೆದರುತ್ತೇವೆ. ಹಾಗಾಗುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೇಳಿದರೆ ಭಾರ ಇಳಿಯುತ್ತದೆ.

ಎರಡನೆಯದು, ‘ಹೌದು’ ಅಂದರೆ ಒಂಟಿಯಾಗಿ ಬಿಡಬೇಡಿ. ಬುದ್ಧಿ ಹೇಳಬೇಡಿ. ಬೇರೆಯವರ ಕಷ್ಟ ಹೋಲಿಸಬೇಡಿ. ಪಕ್ಕದಲ್ಲಿ ಕೂತು ಮನೆಯವರನ್ನು ಕರೆಸಿ.

ಮೂರನೆಯದು, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಹೆಸರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಷ್ಟದಲ್ಲಿರುವವರೇ ಮಾಡಬಹುದು, ಅವರ ಪರವಾಗಿ ನೀವೂ ಮಾಡಬಹುದು. ಕೈಮೀರುವ ಹಾಗಿದ್ದರೆ 112.

ನಾಲ್ಕನೆಯದು, ಆಸ್ಪತ್ರೆಗೆ ಜೊತೆಗೆ ಹೋಗಿ. ಕೋಲಾರದ ಎಸ್ಎನ್ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರ್ ನೋಡುವ ‘ಮನೋಚೈತನ್ಯ’ ಅನ್ನುವ ಯೋಜನೆ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಎಷ್ಟೋ ಮನೆಗಳಲ್ಲಿ ವಿಷಯ ಮುಚ್ಚಿಡುತ್ತಾರೆ, ಆಸ್ಪತ್ರೆಗೂ ಒಯ್ಯುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆ ಹೆದರಿಕೆ ಬೇಕಿಲ್ಲ. ಪ್ರಾಣ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ. ಅವರಿಗೆ ಚಿಕಿತ್ಸೆ, ಆಸರೆ ಕೊಡುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ.

ಇನ್ನು ಗುಡಿಯ ಧರ್ಮದರ್ಶಿಗಳಿಗೆ, ದರ್ಗಾ ಕಮಿಟಿಯವರಿಗೆ, ಚರ್ಚಿನ ಹಿರಿಯರಿಗೆ, ಮುಜರಾಯಿ ಇಲಾಖೆಗೆ ಒಂದು ಬೇಡಿಕೆ. ಗುಡಿಯ ಬಾಗಿಲಲ್ಲಿ ಸೇವಾ ದರಪಟ್ಟಿ ಬರೆಸಿದ್ದೀರಿ. ಅರ್ಚನೆಗೆ ಇಷ್ಟು, ಅಭಿಷೇಕಕ್ಕೆ ಇಷ್ಟು, ವಾಹನ ಪೂಜೆಗೆ ಇಷ್ಟು. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: ‘ಮನಸ್ಸಿಗೆ ತುಂಬಾ ಕಷ್ಟವಾಗಿದ್ದರೆ 14416ಕ್ಕೆ ಫೋನ್ ಮಾಡಿ. ಉಚಿತ.’ ಒಂದು ಡಬ್ಬ ಬಣ್ಣದ ಖರ್ಚು. ಪ್ರಸಾದ ಕೊಡುವವರಿಗೆ, ಚಪ್ಪಲಿ ಕಾಯುವವರಿಗೆ, ಹೂವು ಮಾರುವವರಿಗೆ ಆಶಾ ಕಾರ್ಯಕರ್ತೆಯಿಂದ ಒಂದು ಗಂಟೆ ತಿಳಿವಳಿಕೆ ಕೊಡಿಸಿ. ದಿನಾ ಬಂದು ಹೋಗುವ ಮುಖಗಳನ್ನು ನೋಡುವವರು ಅವರೇ.

ಇದರಿಂದ ದೇವರ ಮಹಿಮೆ ಕಡಿಮೆಯಾಗುತ್ತದೆ ಅನ್ನುವವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಒಂದು ದಿನ ಹೋಗಿ ಬನ್ನಿ. ಎಷ್ಟೋ ಊರಿನ ಗುಡಿಗಳಿಗೆ ಅಲ್ಲಿಂದ ವಿಗ್ರಹಗಳು ಹೋಗುತ್ತವೆ. ಶಿಲ್ಪಿಗಳು ಮೈಯೆಲ್ಲ ಕಲ್ಲಿನ ಧೂಳು ಮಾಡಿಕೊಂಡು ಬೆಳಗಿನಿಂದ ಸಂಜೆವರೆಗೆ ಉಳಿ ಹಿಡಿದು ಕೂತಿರುತ್ತಾರೆ. ಗರ್ಭಗುಡಿಯಲ್ಲಿ ನಿಲ್ಲುವ ದೇವರೂ ಮನುಷ್ಯರ ಕೈ ದಾಟಿಯೇ ಬರಬೇಕು. ಅವನು ಮಾಡುವ ಸಹಾಯವೂ ಅದೇ ದಾರಿಯಲ್ಲಿ ಬರುತ್ತದೆ.

ಇವತ್ತು ಸಂಜೆ ನಿಮ್ಮೂರಿನ ಕಟ್ಟೆಯ ಮೇಲೆ ಯಾರಾದರೂ ‘ಸಾಕಾಗೋಯ್ತಪ್ಪಾ’ ಅನ್ನಬಹುದು. ‘ದೇವರಿದ್ದಾನೆ’ ಅನ್ನಿ, ಬೇಡ ಅನ್ನುವುದಿಲ್ಲ. ‘ಬಿಡು’ ಅನ್ನಬೇಡಿ. ಡೈರಿಗೆ ಹಾಲು ಹತ್ತು ನಿಮಿಷ ತಡವಾಗಿ ಹೋಗಲಿ. ಅಲ್ಲೇ ಕೂತಿರಿ.